ಕಪ್ಪು ಹಕ್ಕಿ ಬರೆಯಲು ಕಪ್ಪು ಟ್ಯೂಬ್ ಬೇಡ: ನನ್ನ ಅನುಭವ

ಫಿನ್ಲೆಂಡಿನ ಫರ್ಡಿನಾಂಡ್ ಫಾನ್ ರೈಟ್ 1886ರಲ್ಲಿ ಬರೆದ ‘ಕಾದಾಡುವ ಮೆಟ್ಸೊಗಳು’ ಚಿತ್ರವನ್ನು ಆಯಿಲ್ ಪೇಂಟಿನಲ್ಲಿ ನಕಲು ಮಾಡಿದೆ. ಮೂಲ ಚಿತ್ರ ಹೆಲ್ಸಿಂಕಿಯ ಅಟೆನಿಯಂ ಮ್ಯೂಸಿಯಂನಲ್ಲಿದೆ. ನಾನು ಇಟ್ಟುಕೊಂಡಿದ್ದು ದೊಡ್ಡದೊಂದು ಪ್ರಿಂಟ್, ಅಷ್ಟೇ.

ಮೆಟ್ಸೊ ಉತ್ತರದ ಪೈನ್ ಕಾಡಿನ ಹಕ್ಕಿ. ಗಂಡು ಸುಮಾರು 4 ಕಿಲೋ ತೂಗುತ್ತದೆ. ವಸಂತ ಬಂತೆಂದರೆ ಬೆಳಗಿನ ಜಾವ ಗಂಡುಗಳೆಲ್ಲ ಒಂದು ಜಾಗದಲ್ಲಿ ಸೇರಿ, ಹೆಣ್ಣಿಗಾಗಿ ಜಗಳಕ್ಕೆ ನಿಲ್ಲುತ್ತವೆ. ಕರಾವಳಿಯ ಕೋಳಿ ಅಂಕದಲ್ಲಿ ಹುಂಜ ಹಾರಿ ಕಾಲಿಂದ ಹೊಡೆಯುತ್ತದೆ ಅಲ್ವಾ? ಇವು ಕತ್ತು ಚಾಚಿ, ಕೊಕ್ಕು ರೆಕ್ಕೆಗಳಿಂದ ಹೊಡೆದಾಡುತ್ತವೆ. ಹಾಗಾಗಿ ಚಿತ್ರದ ಬಿಗಿಯೆಲ್ಲ ಕತ್ತಿನಲ್ಲಿದೆ.

ಹೊರಗೆರೆಗಿಂತ ಮೊದಲು ಗರಿಗಳು ಯಾವ ಕಡೆ ಮಲಗಿವೆ, ಎಲ್ಲಿ ನಿಮಿರಿವೆ ಎಂದು ಸಣ್ಣ ಗೆರೆಗಳಲ್ಲಿ ಗುರುತಿಸಿದೆ. ಈ ಕೆಲಸಕ್ಕೆ ಟೈಮ್ ಜಾಸ್ತಿ ಹಿಡಿಯಿತು, ಆದರೆ ಸಿಟ್ಟು ಕಾಣುವುದೇ ಅಲ್ಲಿ. ಆಮೇಲೆ ಇಡೀ ಕ್ಯಾನ್ವಾಸಿಗೆ ತೆಳುವಾಗಿ ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣ ಹಚ್ಚಿದೆ. ಅದು ಬೇಗ ಒಣಗುತ್ತದೆ.

ಕಪ್ಪು ಟ್ಯೂಬನ್ನು ತೆರೆಯಲೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಜೀವವಿರುವ ಕಪ್ಪು ಬರುತ್ತದೆ. ಬಾಲಕ್ಕೆ ನೀಲಿ ಜಾಸ್ತಿ, ರೆಕ್ಕೆಯ ಕಡೆ ಕಂದು ಜಾಸ್ತಿ. ಎದೆಯ ಹಸಿರು ಹೊಳಪನ್ನು ಹಸಿ ಬಣ್ಣದಲ್ಲಿ ಕಲಸಬೇಡಿ, ಕೆಸರಾಗುತ್ತದೆ. ಕೆಳಗಿನ ಪದರ ಪೂರ್ತಿ ಒಣಗಿದ ಮೇಲೆ ಲಿನ್ಸೀಡ್ (ಅಗಸೆ) ಎಣ್ಣೆಯಲ್ಲಿ ತೆಳುವಾಗಿಸಿದ ವಿರಿಡಿಯನ್ ಹಸಿರು ಹಚ್ಚಿ. ರೆಕ್ಕೆಯ ಬುಡದ ಬಿಳಿ ಮಚ್ಚೆ, ಕಣ್ಣ ಮೇಲಿನ ಕೆಂಪು ಕೊನೆಗಿರಲಿ. ಕೆಂಪನ್ನು ಒಂದೇ ಸಲ ಇಟ್ಟು ಸುಮ್ನೆ ಬಿಡಬೇಕು.

ಹಿನ್ನೆಲೆಯ ಕಾಡನ್ನು ಒಣ ಬ್ರಶ್ಶಿನಲ್ಲಿ ಉಜ್ಜಿ ಮಸುಕು ಮಾಡಿದೆ. ಮರಗಳೂ ಚೂಪಾದರೆ ಕಣ್ಣು ಹಕ್ಕಿಯ ಮೇಲೆ ನಿಲ್ಲುವುದಿಲ್ಲ.

ಮೊಲದ ಮೇಲೆರಗುವ ದೊಡ್ಡ ಗೂಬೆಯ ಚಿತ್ರವನ್ನೂ ಫರ್ಡಿನಾಂಡ್ 1860ರಲ್ಲಿ ಬರೆದಿದ್ದಾನೆ. ಜನಕ್ಕೆ ಅದೂ ಇಷ್ಟ. ನನಗೆ ಮೆಟ್ಸೊಗಳೇ ಮೇಲು: ಗೂಬೆಯದರಲ್ಲಿ ಗೆಲ್ಲುವುದು ಯಾರೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಇಲ್ಲಿ ಗೊತ್ತಾಗುವುದಿಲ್ಲ. ಮೆಟ್ಸೊ ಚಿತ್ರವಂತೂ 1884ರಲ್ಲಿ ಲಕ್ವ ಹೊಡೆದ ಮೇಲೆ, ಅರವತ್ತು ದಾಟಿದವನು ಬರೆದದ್ದು. ಅಣ್ಣಂದಿರಾದ ಮಾಗ್ನಸ್, ವಿಲ್ಹೆಲ್ಮ್ ಕೂಡ ಹಕ್ಕಿ ಚಿತ್ರಕಾರರೇ. ಆದರೆ ಇಂಥ ಜಗಳದ ಚಿತ್ರ ಬೇಕೆಂದರೆ ತಮ್ಮನನ್ನೇ ನೋಡಬೇಕು.

ಮುಗಿದ ಮೇಲೆ ಕ್ಯಾನ್ವಾಸಿನ ಹಿಂದೆ ‘ನಕಲು’ ಎಂದು ದೊಡ್ಡದಾಗಿ ಬರೆದೆ. ವಾರ್ನಿಶ್ ಇನ್ನೂ ಹಾಕಿಲ್ಲ, ದಪ್ಪಗೆ ಬಣ್ಣ ಬಿದ್ದ ಕಡೆ ಒಣಗಲು ತಿಂಗಳುಗಟ್ಟಲೆ ಬೇಕು.