ಎರಡು ಸಂಜೆಯ ಊಟ: ಹೊಸ ಚಂದ್ರನ ಆರಾಧನೆ ನಮ್ಮ ಮನೆಯಲ್ಲಿ ಕೈಗೂಡಿದ್ದು ಹೀಗೆ

"ಆರು ತಿಂಗಳು ನಡೆದರೆ ಹೆಚ್ಚು" ಅಂತ ನನ್ನ ಭಾವನವರೇ ಹೇಳಿದ್ದರು. ನಾವು ಕ್ರೈಸ್ತರು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ ಇರುವ ಹಾಗೆ ಪ್ರತಿ ತಿಂಗಳು ಹೊಸ ಚಂದ್ರ ಕಂಡಾಗ ಮನೆಯಲ್ಲಿ ಕೂಡಿ ದೇವರನ್ನು ಆರಾಧಿಸುತ್ತೇವಲ್ಲ, ಅದರ ಬಗ್ಗೆ ಆ ಮಾತು. 2022ರ ಮಳೆಗಾಲದಿಂದ ಇವತ್ತಿನವರೆಗೆ ಒಂದು ತಿಂಗಳೂ ತಪ್ಪಿಲ್ಲ. ಕಳೆದ ಸಲ ನಮ್ಮ ಮಾಳಿಗೆ ಮೇಲೆ ಇಪ್ಪತ್ತಮೂರು ಜನ ಇದ್ದರು. ಭಾವನವರೂ ಇದ್ದರು, ಚಾಪೆ ಹಾಸಿದ್ದೇ ಅವರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಅಮಾವಾಸ್ಯೆ ಯಾಕೆ ಆಚರಿಸಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಸತ್ಯವೇದದ ಅರಣ್ಯಕಾಂಡ 28, ಕೀರ್ತನೆ 81, ಯೆಶಾಯ 66, ಯೆಹೆಜ್ಕೇಲ 46 ನೀವೂ ಓದಿದ್ದೀರಿ. ಆಚರಿಸೋಕೆ ಹೊರಟು ನಡುವೆ ಕೈಬಿಟ್ಟವರು ಎಷ್ಟೋ ಜನ ಇದ್ದಾರಲ್ಲ, ಅವರಿಗಾಗಿ ಇದು.

ನಾನು ಗದಗ-ಬೆಟಗೇರಿಯ ಟೈಲರ್. ಶುರು ಮಾಡಿದ್ದು 2019ರಲ್ಲಿ, ಅದೂ ತಪ್ಪಾಗಿ. ನಮ್ಮ ಸತ್ಯವೇದದಲ್ಲಿ ಅಮಾವಾಸ್ಯೆ ಅಂತಲೇ ಇದೆ. ಗೋಡೆ ಮೇಲಿನ ಕ್ಯಾಲೆಂಡರಿನಲ್ಲೂ ಅದೇ ಮಾತು. ಎರಡೂ ಒಂದೇ ಅಂದುಕೊಂಡೆ. ಕಗ್ಗತ್ತಲ ರಾತ್ರಿ ಎಂಟು ಜನ ಕೂತು ಪ್ರಾರ್ಥನೆ ಮಾಡಿದೆವು. ನಾಲ್ಕನೇ ತಿಂಗಳಿಗೆ ಓಣಿಯಲ್ಲಿ ಮಾತು ಹಬ್ಬಿತು. "ಅಮಾಸಿ ರಾತ್ರಿ ಬಾಗಿಲಾ ಹಾಕ್ಕೊಂಡು ಏನ ಮಾಡತಾರ ಇವರು?" ಅಂತ. ಮಾಟ ಅಂದವರೂ ಇದ್ದರು. ಆಗ ಬಾಡಿಗೆ ಮನೆ. ಮನೆ ಖಾಲಿ ಮಾಡಿ ಅಂತ ಹೇಳಿ ಕಳಿಸಿದರು. ಅಡ್ವಾನ್ಸಿನಲ್ಲಿ ಐದು ಸಾವಿರ ಮುರಿದುಕೊಂಡರು.

ಆಗ ಕೂತು ಮತ್ತೆ ಓದಿದೆ. ಹೀಬ್ರೂವಿನಲ್ಲಿ 'ಹೋದೆಶ್' ಅಂದರೆ ತಿಂಗಳು, ತಿಂಗಳ ಮೊದಲ ದಿನಕ್ಕೂ ಅದೇ ಹೆಸರು. ಅದರ ಬೇರು ಮಾತ್ರ 'ಹೊಸದು'. ಚಂದ್ರ ಪೂರ್ತಿ ಮಾಯವಾದ ರಾತ್ರಿಯನ್ನು ಹೊಸದು ಅನ್ನೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಮೊದಲು ಕಣ್ಣಿಗೆ ಬೀಳುವ ಗೆರೆ ಇದೆಯಲ್ಲ, ನಮ್ಮ ಹಿರಿಯರು ಬಿದಿಗೆ ಚಂದ್ರಮ ಅನ್ನುವುದು, ಅದು ಹೊಸದು. ದೇವಾಲಯ ಇದ್ದ ಕಾಲದಲ್ಲಿ ಯೆರೂಸಲೇಮಿನಲ್ಲಿ ಸಾಕ್ಷಿಗಳು ಬಂದು "ಕಂಡೆವು" ಅಂದ ಮೇಲೆಯೇ ತಿಂಗಳು ಹುಟ್ಟುತ್ತಿತ್ತು. ಈಗ ಹೆಚ್ಚಿನ ಯೆಹೂದ್ಯರು ಲೆಕ್ಕ ಹಾಕಿದ ಪಂಚಾಂಗ ನೋಡುತ್ತಾರೆ. ಅವರಲ್ಲೇ ಒಂದು ಪಂಗಡವಾದ ಕರಾಯಿಟರು ಇವತ್ತಿಗೂ ಆಕಾಶ ನೋಡಿಯೇ ತಿಂಗಳು ಹಿಡಿಯುತ್ತಾರೆ.

ಸರಿ, ಯೆರೂಸಲೇಮಿನವರನ್ನೇ ಅನುಸರಿಸೋಣ ಅಂತ ಒಂದು ವರ್ಷ ನೋಡಿದೆ. ಅಲ್ಲಿ ಸೂರ್ಯ ಮುಳುಗಿ, ಯಾರಾದರೂ ಕಂಡು, ಸುದ್ದಿ ನಮ್ಮ ಫೋನಿಗೆ ಬರುವ ಹೊತ್ತಿಗೆ ಇಲ್ಲಿ ರಾತ್ರಿ ಒಂಬತ್ತೂವರೆ, ಹತ್ತು. ಮಕ್ಕಳು ಮಲಗಿರುತ್ತಿದ್ದರು. ಅದೂ ಅಲ್ಲದೆ ನಮಗಿಂತ ಅವರಿಗೆ ಸಂಜೆ ಆಗುವುದು ಎರಡೂವರೆ ಮೂರು ಗಂಟೆ ತಡ. ಅಷ್ಟರಲ್ಲಿ ಚಂದ್ರನಿಗೂ ಅಷ್ಟು ವಯಸ್ಸಾಗಿರುತ್ತದೆ. ಇಲ್ಲಿ ಕಾಣದ್ದು ಅಲ್ಲಿ ಕಾಣಬಹುದು. ನಮ್ಮ ಮಾಳಿಗೆಯಿಂದ ಏನೂ ಕಾಣದ ದಿನ, ಫೋನ್ ನೋಡಿಕೊಂಡು "ಇವತ್ತು ಹೊಸ ಚಂದ್ರ" ಅಂದರೆ ಯಾರಿಗೂ ಮನಸ್ಸು ತುಂಬುತ್ತಿರಲಿಲ್ಲ.

ಹಾಗಾದರೆ ನಮ್ಮ ಕಣ್ಣೇ ಸಾಕು ಅಂತ ಹೊರಟೆ. ಇಲ್ಲೇ ದುಡ್ಡು ಹಾಳಾಗಿದ್ದು. ಮೊದಲು ಒಂಬತ್ತು ಸಾವಿರ ಕೊಟ್ಟು ಟೆಲಿಸ್ಕೋಪ್ ತರಿಸಿದೆ. ತಗೋಬೇಡಿ. ಅದಕ್ಕೆ ಕಾಣುವ ಆಕಾಶ ಅಂಗೈ ಅಗಲವೂ ಇಲ್ಲ. ಚಂದ್ರ ಎಲ್ಲಿದ್ದಾನೆ ಅಂತ ಗೊತ್ತಿದ್ದರೆ ಮಾತ್ರ ಪ್ರಯೋಜನ, ನಮಗೆ ಬೇಕಾಗಿರುವುದೇ ಎಲ್ಲಿದ್ದಾನೆ ಅನ್ನೋದು. ಆಮೇಲೆ 10x50 ಬೈನಾಕ್ಯುಲರ್ ತಂದೆ, ಏಳು ಸಾವಿರ ಚಿಲ್ಲರೆ. ಅದೇ ಇವತ್ತಿಗೂ ಇದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಸೂರ್ಯ ಪೂರ್ತಿ ಮುಳುಗುವ ತನಕ ಅದನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಬೇಡಿ. ಒಂದು ಸಲ ನಮ್ಮ ತಂಗಿ ಮಗ ಆತುರಕ್ಕೆ ಮೊದಲೇ ಕಣ್ಣಿಗೆ ಹಿಡಿಯಲು ಹೋಗಿದ್ದ. ಓಡಿಹೋಗಿ ಕಿತ್ತುಕೊಂಡೆ. ಆವತ್ತಿನಿಂದ ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.

ಎಲ್ಲಿ ನೋಡಬೇಕು ಅನ್ನೋದು ರೂಢಿಯಿಂದ ಬರುತ್ತದೆ. ಯುಗಾದಿ ಸುಮಾರಿಗೆ ಸೂರ್ಯ ಮುಳುಗಿದ ಜಾಗದ ನೇರ ಮೇಲೆ ನೋಡಿ. ಗೆರೆ ತೊಟ್ಟಿಲಿನ ಹಾಗೆ ಅಡ್ಡ ಮಲಗಿರುತ್ತದೆ. ಸೆಪ್ಟೆಂಬರ್ ಸುಮಾರಿಗೆ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದಿರುತ್ತದೆ, ಗೆರೆಯೂ ವಾಲಿರುತ್ತದೆ. ಎಷ್ಟೋ ಜನ ಮುಳುಗಿದ ಜಾಗವನ್ನೇ ದಿಟ್ಟಿಸಿ, ಕಾಣಲಿಲ್ಲ ಅಂತ ಮನೆಗೆ ಹೋಗುತ್ತಾರೆ.

ಮಳೆಗಾಲ ಬಂತು. ಜುಲೈ, ಆಗಸ್ಟ್ ಎರಡೂ ತಿಂಗಳು ಮೋಡ. ಕಾಣಲಿಲ್ಲ, ನಾಳೆ ನೋಡೋಣ. ನಾಳೆಯೂ ಕಾಣಲಿಲ್ಲ, ನಾಡಿದ್ದು ನೋಡೋಣ. ಹೀಗೆ ನನ್ನ ತಿಂಗಳಿಗೆ ಮೂವತ್ತೊಂದು ದಿನ ಆಗಿಹೋಯಿತು! ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತು ಇಲ್ಲವೇ ಮೂವತ್ತು, ಮೂರನೆಯದು ಇಲ್ಲ. ಬಂದಿದ್ದ ಎಂಟು ಜನರಲ್ಲಿ ಐದು ಜನ ಬಿಟ್ಟರು. ಯಾವ ದಿನ ರಜೆ ಹಾಕಬೇಕು, ಯಾವ ದಿನ ಅಡುಗೆ ಮಾಡಬೇಕು ಅಂತಲೇ ಗೊತ್ತಾಗದಿದ್ದರೆ ಬಡವರು ಹೇಗೆ ಬರುತ್ತಾರೆ?

ದಾರಿ ತೋರಿಸಿದ್ದು ಸತ್ಯವೇದದ 1 ಸಮುವೇಲ 20. ನೂರು ಸಲ ಓದಿದ ಅಧ್ಯಾಯ. ದಾವೀದ ಯೋನಾತಾನನಿಗೆ "ನಾಳೆ ಅಮಾವಾಸ್ಯೆ" ಅನ್ನುತ್ತಾನೆ. ಕಾಣುವ ಮೊದಲೇ ನಾಳೆ ಅಂತ ಹೇಗೆ ಗೊತ್ತು? ದಿನ ಎಣಿಸುತ್ತಿದ್ದರು, ಅಷ್ಟೇ. ಮಾರನೆಯ ದಿನವೂ ಅರಸ ಸೌಲನ ಮನೆಯಲ್ಲಿ ಊಟದ ಸಾಲು ಹಾಕಿದೆ, ದಾವೀದನ ಜಾಗ ಆವತ್ತೂ ಖಾಲಿ. ಎರಡು ದಿನದ ಊಟ! ಅದು ಅನುಮಾನದ ದಿನಕ್ಕಾಗಿಯೇ ಹಾಕಿದ್ದೋ ಅಂತ ಪಂಡಿತರು ವಾದಿಸಲಿ. ನನಗೆ ಬೇಕಾದ ದಾರಿ ಸಿಕ್ಕಿತು.

ಈಗ ಮಾಡುವುದು ಇಷ್ಟು. ಹೊಸ ಚಂದ್ರ ಕಂಡ ಸಂಜೆಯಿಂದ ದಿನಕ್ಕೊಂದು ಗೆರೆ. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ, ಕಟಿಂಗ್ ಟೇಬಲ್ ಹಿಂದಿನ ಗೋಡೆಗೆ. ಐದು ಗೆರೆಗೆ ಒಂದು ಅಡ್ಡ. ಇಪ್ಪತ್ತೊಂಬತ್ತು ಆದ ಸಂಜೆ ಎಲ್ಲರೂ ಮಾಳಿಗೆಗೆ ಬರುತ್ತಾರೆ. ಕಂಡರೆ ಆಗಲೇ ಕೊಂಬು ಊದುತ್ತೇವೆ, ಅರಣ್ಯಕಾಂಡ 28 ಓದುತ್ತೇವೆ, 81 ಮತ್ತು 104ನೇ ಕೀರ್ತನೆ ಹಾಡುತ್ತೇವೆ, ಊಟ, ಮಾರನೆಯ ದಿನ ಅಂಗಡಿ ಬಂದ್. ಕಾಣದಿದ್ದರೆ ಕಾಲು ಗಂಟೆ ಪ್ರಾರ್ಥನೆ, ಒಂದೊಂದು ರೊಟ್ಟಿ ತಿಂದು ಮನೆಗೆ. ಮೂವತ್ತನೇ ಸಂಜೆ ಮೋಡ ಇರಲಿ, ಮಳೆ ಇರಲಿ, ಕೊಂಬು ಊದಿಯೇ ಊದುತ್ತೇವೆ. ಎರಡು ಸಂಜೆ ಬಿಡುವು ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಅಡುಗೆಯನ್ನೂ ಇದಕ್ಕೆ ತಕ್ಕ ಹಾಗೆ ನನ್ನ ಹೆಂಡತಿ ಹೊಂದಿಸಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ಎರಡು ದಿನ ಅಲ್ಲ, ವಾರ ಇಟ್ಟರೂ ಕೆಡುವುದಿಲ್ಲ. ಕಂಡ ಮೇಲೆ ಬದನೆಕಾಯಿ ಪಲ್ಯ, ಅನ್ನ, ಸಾರು ಮಾತ್ರ ಬಿಸಿ ಬಿಸಿ. ಮೊದಲು ಮಟನ್ ಮಾಡಿಸುತ್ತಿದ್ದೆ. ಚಂದ್ರ ಕಾಣದ ದಿನ ಎರಡು ಕೆ.ಜಿ. ಹಾಳಾಯಿತು. ಈಗ ಇಪ್ಪತ್ತು ಜನಕ್ಕೆ ಒಂದೂವರೆ ಸಾವಿರದಲ್ಲಿ ಮುಗಿಯುತ್ತದೆ.

ಕೊಂಬಿನ ಮಾತು. ಯೆಹೂದ್ಯರು ಊದುವ ಕೊಂಬು, ಶೋಫಾರ್ ಅಂತ, ಆನ್‌ಲೈನಿನಲ್ಲಿ ಐದು ಸಾವಿರದ ಆಸುಪಾಸು ಕೊಟ್ಟು ತರಿಸಿದೆ. ತೆಗೆದ ಕೂಡಲೇ ಮನೆಯೆಲ್ಲ ನಾತ. ವಿನಿಗರ್, ಅಡುಗೆ ಸೋಡಾ, ಬಿಸಿಲು ಎಲ್ಲ ಆಯಿತು. ಬಿಸಿಲಿಗೆ ಇಟ್ಟಿದ್ದೇ ತಪ್ಪು, ಬಾಯಿಯ ಹತ್ತಿರ ಕೂದಲೆಳೆ ಬಿರುಕು ಬಿಟ್ಟಿತು. ಎರಡನೆಯದನ್ನು ಊರಲ್ಲೇ ಟಗರಿನ ಕೊಂಬು ತಂದು ನಾನೇ ಮಾಡಿದೆ. ಖರ್ಚು ನಾನೂರು ಆಗಿರಬೇಕು. ನಾತ ಹೋಗಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕೈಯಾರೆ ಮಾಡುವವರಿಗೆ ತೋರಿಸುತ್ತೇನೆ.

ಸಾಕ್ಷಿಗಳನ್ನು ಪರೀಕ್ಷಿಸುವುದು ನನಗೆ ಬಹಳ ಪ್ರೀತಿಯ ಕೆಲಸ. ಯೆಹೂದ್ಯರ ಹಳೆಯ ನಿಯಮಗ್ರಂಥ ಮಿಷ್ನಾದಲ್ಲಿ ಇದೆಯಲ್ಲ: ಅವರ ಗುರು ರಬ್ಬಾನ್ ಗಮಲಿಯೇಲನ ಮಾಳಿಗೆ ಕೋಣೆಯಲ್ಲಿ ಹಲಗೆ ಮೇಲೂ ಗೋಡೆ ಮೇಲೂ ಚಂದ್ರನ ಚಿತ್ರಗಳಿದ್ದವು. "ಇದರ ಹಾಗೆ ಕಂಡಿರೋ, ಅದರ ಹಾಗೋ?" ಅಂತ ಸಾಕ್ಷಿಗಳನ್ನು ಕೇಳುತ್ತಿದ್ದ. ಇವನು ಅಪೊಸ್ತಲ ಪೌಲನ ಗುರುವಾಗಿದ್ದ ಗಮಲಿಯೇಲ ಅಲ್ಲ, ಅವನ ಮೊಮ್ಮಗ. ನಾನು ಕಾಲರಿಗೆ ಹಾಕುವ ಬಕ್ರಂನಲ್ಲಿ ಆರು ಗೆರೆ ಚಂದ್ರ ಕತ್ತರಿಸಿದೆ. ಒಂದು ತೊಟ್ಟಿಲು, ಒಂದು ವಾಲಿದ್ದು, ಒಂದು ತಲೆಕೆಳಗು, ಎರಡು ದಪ್ಪ, ಒಂದು ನೂಲಿನಷ್ಟು ಸಣ್ಣ. ಕಪ್ಪು ಸೂಟಿನ ಬಟ್ಟೆ ಮೇಲೆ ಹೊಲಿದೆ. ಮಕ್ಕಳು "ಕಂಡೆ, ಕಂಡೆ" ಅಂತ ಕೂಗುತ್ತಾರಲ್ಲ, ಒಬ್ಬೊಬ್ಬರನ್ನೇ ಬೇರೆ ಕರೆದು ಬೆರಳಿಟ್ಟು ತೋರಿಸು ಅನ್ನುತ್ತೇನೆ. ತಲೆಕೆಳಗಿನದನ್ನು ಮುಟ್ಟಿದರೆ ಕಂಡಿಲ್ಲ ಅಂತಲೇ ಅರ್ಥ. ಇಬ್ಬರದು ತಾಳೆಯಾಗಬೇಕು. ಎಂಟು ವರ್ಷದ ಹುಡುಗಿಯೊಬ್ಬಳ ಕಣ್ಣು ನನ್ನ ಬೈನಾಕ್ಯುಲರಿಗಿಂತ ಚುರುಕು.

ಬೆಂಕಿಯ ಗುರುತನ್ನೂ ನೋಡಿದೆ. ಆ ಕಾಲದಲ್ಲಿ ಯೆರೂಸಲೇಮಿನ ಎಣ್ಣೆಮರಗಳ ಗುಡ್ಡದಿಂದ ಸರ್ತಬಾ ಶಿಖರಕ್ಕೆ, ಅಲ್ಲಿಂದ ಮುಂದಕ್ಕೆ ಪಂಜು ಬೀಸಿ ಹೊಸ ಚಂದ್ರನ ಸುದ್ದಿ ಮುಟ್ಟಿಸುತ್ತಿದ್ದರಂತೆ. ಸಮಾರ್ಯದವರು ಸುಳ್ಳು ಬೆಂಕಿ ಹಚ್ಚಿ ಕೆಡಿಸಿದ ಮೇಲೆ ಸುದ್ದಿ ಹೇಳಲು ಆಳುಗಳನ್ನು ಕಳಿಸಿದರು. ನಾವು ಬೆಂಕಿ ಹಚ್ಚಲಿಲ್ಲ. ಆರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿರುವ ಸಹೋದರರಿಗೆ ದೊಡ್ಡ ಟಾರ್ಚ್ ಬೀಸಿದೆವು. ಮೂರು ತಿಂಗಳಲ್ಲಿ ಒಂದೇ ಸಲ ಕಂಡಿತು, ಉಳಿದಂತೆ ಧೂಳು. ಈಗ ಫೋನ್. ಮಂಗಳೂರು ಕಡಲತೀರದಲ್ಲಿ ಒಬ್ಬರು, ಚಿತ್ರದುರ್ಗದಲ್ಲಿ ಒಬ್ಬರು, ನಾವು. ಮೂರರಲ್ಲಿ ಎಲ್ಲಿ ಕಂಡರೂ ಎಲ್ಲರಿಗೂ ಅದೇ.

ಇನ್ನು ದುಡಿಮೆ. ಇದೇ ನಿಜವಾದ ಪರೀಕ್ಷೆ. ಅಮಾವಾಸ್ಯೆ ಯಾವಾಗ ಮುಗಿದೀತು, ಯಾವಾಗ ಧಾನ್ಯ ಮಾರೇವು ಅಂತ ಕಾಯುವವರ ಬಗ್ಗೆ ಪ್ರವಾದಿ ಆಮೋಸ ಹೇಳಿದ್ದಾನಲ್ಲ, ಅದು ನನ್ನಂಥ ಅಂಗಡಿಯವರಿಗೇ. ನಮ್ಮ ಕಡೆ ಎಷ್ಟೋ ರೈತರ ಮನೆಯಲ್ಲಿ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಎತ್ತಿಗೆ ಇರುವ ಬಿಡುವು ನನ್ನ ಹುಡುಗರಿಗೆ ಇಲ್ಲವಾ ಅನಿಸುತ್ತಿತ್ತು. ಆದರೆ ಟೈಲರಿಗೆ ವರ್ಷದ ಗಳಿಕೆ ಬರುವುದು ರಂಜಾನಿಗೆ, ಅದರಲ್ಲೂ ಚಾಂದ್ ರಾತ್, ಅಂದರೆ ಈದ್ ಚಂದ್ರ ಕಾಣುವ ರಾತ್ರಿ. ಮುಸ್ಲಿಮರು ನೋಡುವ ಚಂದ್ರನೂ ನಾನು ನೋಡುವ ಚಂದ್ರನೂ ಒಂದೇ. 2022ರಲ್ಲಿ ಆ ಸಂಜೆ ಶಟರ್ ಎಳೆದುಬಿಟ್ಟೆ. ಹನ್ನೊಂದು ಜುಬ್ಬಾಗೆ ಕಾಜಾ-ಬಟನ್ ಆಗಿರಲಿಲ್ಲ. ಶಟರಿನ ಮುಂದೆ ಜನ ನಿಂತರು. ಮಗುವಿನ ಕೈ ಹಿಡಿದುಕೊಂಡು ಬಂದಿದ್ದ ಒಬ್ಬ ತಾಯಿ ಏನೂ ಬೈಯಲಿಲ್ಲ, ಸುಮ್ನೆ ನೋಡುತ್ತಾ ನಿಂತಳು. ಆ ನೋಟ ಇವತ್ತಿಗೂ ಚುಚ್ಚುತ್ತದೆ. ಹದಿನಾಲ್ಕು ಸಾವಿರ ಕೈಬಿಟ್ಟಿತು, ಅದಕ್ಕಿಂತ ಜಾಸ್ತಿ ಮಾತು ಕೆಟ್ಟಿತು. ನನ್ನ ಆರಾಧನೆಗಾಗಿ ಇನ್ನೊಬ್ಬರ ಮಗುವಿನ ಹಬ್ಬ ಕೆಡಿಸುವುದು ದೇವರಿಗೆ ಬೇಕಾ? ಇಂಥ ಅಮಾವಾಸ್ಯೆ ನನಗೆ ಹೊರೆ ಅಂತ ಯೆಶಾಯನ ಮೊದಲ ಅಧ್ಯಾಯದಲ್ಲಿ ದೇವರೇ ಹೇಳಿಲ್ಲವಾ?

ಮರುವರ್ಷದಿಂದ ರಂಜಾನಿನ ಹತ್ತನೇ ದಿನಕ್ಕೆ ಆರ್ಡರ್ ನಿಲ್ಲಿಸಿದೆ. ಕಾಜಾಕ್ಕೆ ಒಬ್ಬ ಹುಡುಗನನ್ನು ಜಾಸ್ತಿ ಇಟ್ಟುಕೊಂಡೆ. ಇಪ್ಪತ್ತಾರಕ್ಕೆ ಎಲ್ಲ ಇಸ್ತ್ರಿಯಾಗಿ ಕವರಿನಲ್ಲಿ ಇರುತ್ತದೆ. ಆರ್ಡರ್ ಕಾಲುಭಾಗ ಕಮ್ಮಿ ಆಯಿತು, ಆದರೆ ಹೇಳಿದ ದಿನ ಕೊಡುವ ಟೈಲರ್ ಅಂತ ಹೆಸರು ಬಂತು. ಈಗ ಹಿಂದಿಗಿಂತ ಜಾಸ್ತಿಯೇ ಇದೆ. ಪ್ರತಿ ತಿಂಗಳ ಬಂದ್ ದಿನಕ್ಕೆ ಗಳಿಕೆ ಎರಡು ಸಾವಿರ ಹೋಗುತ್ತದೆ, ಇಬ್ಬರು ಹುಡುಗರಿಗೆ ಸಂಬಳದ ರಜೆ ಅಂತ ಇನ್ನೊಂದು ಸಾವಿರದ ಇನ್ನೂರು. ಊಟ ಸೇರಿ ತಿಂಗಳಿಗೆ ಐದು ಸಾವಿರದ ಹತ್ತಿರ. ಜೊತೆಗೆ ತಂದೆಯಿಲ್ಲದ ಒಂದು ಮಗುವಿಗೆ ಒಂದು ಜೊತೆ ಶಾಲೆ ಯೂನಿಫಾರ್ಮ್ ಹೊಲಿದು ಇಟ್ಟ ಮೇಲೆಯೇ ಕೊಂಬು ಮುಟ್ಟುತ್ತೇನೆ. ಯೆಶಾಯನ ಆ ಅಧ್ಯಾಯದ ಮುಂದಿನ ಮಾತು ಅನಾಥರು, ವಿಧವೆಯರ ಬಗ್ಗೆ ಅಲ್ವಾ.

ಸಭೆಯ ಹಿರಿಯರೊಬ್ಬರು, ಹಬ್ಬ ಅಮಾವಾಸ್ಯೆಗಳ ವಿಷಯದಲ್ಲಿ ಯಾರೂ ನಿಮ್ಮನ್ನು ದೂರದಿರಲಿ ಅನ್ನುವ ಕೊಲೊಸ್ಸೆ 2:16 ಮುಂದಿಟ್ಟು, ಮೋಶೆಯ ಧರ್ಮಶಾಸ್ತ್ರಕ್ಕೆ ಜನರನ್ನು ಹಿಂದಕ್ಕೆ ಎಳೆಯುತ್ತಿದ್ದೀಯ ಅಂದರು. ನಾನು ವಾದ ಮಾಡಲಿಲ್ಲ. ಆ ವಾಕ್ಯದ ಪ್ರಕಾರ ಆಚರಿಸದವರನ್ನು ನಾನು ದೂರುವುದಿಲ್ಲ, ಆಚರಿಸುವ ನನ್ನನ್ನೂ ದೂರಬೇಡಿ ಅಂದೆ. ಭಾನುವಾರ ಎಂದಿನಂತೆ ಮೊದಲ ಗಂಟೆಗೇ ಸಭೆಯಲ್ಲಿರುತ್ತೇನೆ. ವರ್ಷದ ಮೊದಲ ತಿಂಗಳನ್ನು ಬಾರ್ಲಿ ಬಲಿತದ್ದು ನೋಡಿ ಹಿಡಿಯಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಕೈಹಾಕಿಲ್ಲ.

2025ರ ಮಾರ್ಚ್ 30ನ್ನು ಮಾತ್ರ ಹೇಳಲೇಬೇಕು. ಆವತ್ತು ಯುಗಾದಿ, ರಂಜಾನಿನ ಇಪ್ಪತ್ತೊಂಬತ್ತು, ನನ್ನ ಗೋಡೆಯಲ್ಲೂ ಗೆರೆ ಇಪ್ಪತ್ತೊಂಬತ್ತು. ಎಡಗಡೆ ಮಾಳಿಗೆಯಲ್ಲಿ ಯುಗಾದಿ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳಲು ಕಾದವರು. ಬಲಗಡೆ ಟೋಪಿ ಹಾಕಿಕೊಂಡ ಚಾಚಾ, ಅವರ ಮೊಮ್ಮಕ್ಕಳು. ನಡುವೆ ನಾವು. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಗಿರಬಹುದು, ಚಾಚಾ ನನ್ನ ಕಡೆ ತಿರುಗಿ ಬೆರಳೆತ್ತಿದರು. "ಮಾಸ್ಟರ್, ಅಲ್ಲಿ ನೋಡ್ರಿ, ತಂತಿ ಮ್ಯಾಲ." ಕರೆಂಟ್ ತಂತಿಯ ಎರಡು ಬೆರಳು ಮೇಲೆ, ಬೆಳ್ಳಿ ದಾರ ಬಾಗಿಸಿಟ್ಟ ಹಾಗೆ ಇತ್ತು. ಹಿಡಿದುಕೊಂಡ ಕೊಂಬನ್ನು ಊದಲು ನನಗೆ ಸ್ವಲ್ಪ ಹೊತ್ತು ಉಸಿರೇ ಬರಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಎರಡು ಮನೆ, ಹಾವೇರಿಯಲ್ಲಿ ಒಂದು ಮನೆ ಇದೇ ರೀತಿ ಶುರು ಮಾಡಿವೆ. ಗೋಡೆ ಮೇಲೆ ಇವತ್ತಿಗೆ ಹದಿನೇಳು ಗೆರೆ. ಹಿಂದಿನ ಎರಡು ತಿಂಗಳೂ ಮೂವತ್ತಕ್ಕೆ ಹೋಗಿದ್ದವು, ಈ ಸಲ ಇಪ್ಪತ್ತೊಂಬತ್ತಕ್ಕೇ ಕಾಣಬಹುದು ಅಂತ ನನ್ನ ಅಂದಾಜು. ಬರುವವರು ಎರಡು ಸಂಜೆ ಬಿಡುವು ಮಾಡಿಕೊಂಡೇ ಬನ್ನಿ. ರೊಟ್ಟಿ ನಾಳೆಯಿಂದ ಬಡಿಯುತ್ತಾರೆ.