ಮಧ್ಯಾಹ್ನ ಸಿನಿಮಾ, ಸಂಜೆ ಸಂಗೀತ ಕಚೇರಿ: ಒಂದೇ ದಿನ ಎರಡು ಉತ್ಸವ ನೋಡಿದ ನನ್ನ ಅನುಭವ

ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯೋದು ನನ್ನ ಕೆಲಸ. ಹಾಗಾಗಿ ಚಲನಚಿತ್ರೋತ್ಸವ ಬಂತು ಅಂದರೆ ನನಗೆ ಹಬ್ಬವೂ ಹೌದು, ಪಾಠವೂ ಹೌದು. ಸಂಗೀತ ನನ್ನ ಕಸುಬಲ್ಲ. ಆದರೆ ಚಿಕ್ಕಂದಿನಿಂದ ಸೋದರತ್ತೆಯ ಸೆರಗು ಹಿಡಿದು ಕಚೇರಿಗಳಿಗೆ ಹೋಗಿಯೇ ಬೆಳೆದವಳು. ಅತ್ತೆ ಮನೆ ಚಾಮರಾಜಪೇಟೆಯಲ್ಲಿ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವದ ಚಪ್ಪರಕ್ಕೆ ಅವರು ನಡೆದುಕೊಂಡೇ ಹೋಗುತ್ತಾರೆ.

ಈ ಎರಡೂ ಒಂದೇ ವಾರಕ್ಕೆ ಬೀಳೋದು ಅಪರೂಪ. 2023ರಲ್ಲಿ ಬಿತ್ತು. ಮಾರ್ಚ್ 22ಕ್ಕೆ ಯುಗಾದಿ, 30ಕ್ಕೆ ರಾಮನವಮಿ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 23ರಿಂದ 30ರವರೆಗೆ, ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ. ಅತ್ತ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರು ಮಾಡಿದ ಉತ್ಸವ ಅದು. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಚಪ್ಪರ. ಒಂದು ಕಡೆ ಬೆಳಗ್ಗೆಯಿಂದ ರಾತ್ರಿವರೆಗೆ ಸಿನಿಮಾ, ಇನ್ನೊಂದು ಕಡೆ ದಿನಾ ಸಂಜೆ ಕಚೇರಿ. ನಡುವೆ ಮೆಟ್ರೋ ಹಸಿರು ಮಾರ್ಗದಲ್ಲಿ ಬರೀ ಎಂಟು ಸ್ಟೇಷನ್. ಎರಡನ್ನೂ ಒಂದೇ ದಿನ ನೋಡಬೇಕು ಅಂತ ಆಸೆ ಹುಟ್ಟದೆ ಇರುತ್ತದಾ?

ಮೊದಲ ಸಲ ಕೆಟ್ಟಿತು. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ನಾನು ಕಲಿತದ್ದೆಲ್ಲ ಅಲ್ಲಿಂದಲೇ.

26ನೇ ತಾರೀಕು, ಭಾನುವಾರ. ರಜೆ ಇದೆಯಲ್ಲ ಅಂತ ಬೆಳಗ್ಗೆಯಿಂದಲೇ ಹೋಗಿ ಕೂತೆ. ಒಂದಾದ ಮೇಲೆ ಒಂದು, ಮೂರು ಸಿನಿಮಾ. ಮೂರೂ ಒಳ್ಳೆಯ ಸಿನಿಮಾಗಳೇ, ಮೂರರಲ್ಲೂ ಮಾತು ಜಾಸ್ತಿ. ಮಧ್ಯೆ ಊಟ ಅಂದರೆ ಒಂದು ಪಫ್ಸು, ಒಂದು ಕಾಫಿ. ಮೂರನೇದು ಮುಗಿಯುವಾಗ ಐದೂ ಮುಕ್ಕಾಲು. ಅಲ್ಲಿಂದ ಓಡೋಡಿ ಮೆಟ್ರೋ ಹತ್ತಿ ಚಪ್ಪರ ಸೇರುವ ಹೊತ್ತಿಗೆ ಶುರುವಿಗೆ ಹಾಡುವ ವರ್ಣ ಮುಗಿದು ಎರಡನೇ ಕೃತಿ ನಡೀತಿತ್ತು. ಅತ್ತೆ ಪಕ್ಕದ ಕುರ್ಚಿ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿದಿದ್ದರು. ಕೂತೆ. ಗಾಯಕರು ಕಾಂಬೋಧಿ ತೆಗೆದರು. ನನಗೆ ಪ್ರಾಣದಂಥ ರಾಗ. ಆದರೆ ಆ ಸಂಜೆ ಅದು ನನ್ನೊಳಗೆ ಇಳಿಯಲೇ ಇಲ್ಲ. ಕಣ್ಣು ತೆರೆದೇ ಇತ್ತು, ಕಿವಿ ಮುಚ್ಚಿಹೋಗಿತ್ತು. ಗಾಯಕರ ಕೈ ಆಡುವುದು ಕಾಣುತ್ತಿದೆ, ವಯಲಿನ್‌ನವರು ತಲೆದೂಗುವುದು ಕಾಣುತ್ತಿದೆ, ನನ್ನ ತಲೆಯಲ್ಲಿ ಮಾತ್ರ ಮಧ್ಯಾಹ್ನದ ಸಿನಿಮಾದ ಹೆಂಗಸೊಬ್ಬಳು ಇನ್ನೂ ಗಂಡನ ಜೊತೆ ಜಗಳ ಆಡುತ್ತಿದ್ದಳು. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದಾಗ ತೂಕಡಿಸಿಬಿಟ್ಟೆ. ಅತ್ತೆ ಎಬ್ಬಿಸಲಿಲ್ಲ. ಮಂಗಳ ಆದ ಮೇಲೆ ಭುಜ ಮುಟ್ಟಿ, "ಏಳು ಕಣೇ, ಮನೇಲಿ ಮಲಗು" ಅಂದರು. ನನಗೆ ಅಳು ಬಂದಂತಾಯಿತು.

ಮನೆಗೆ ಬಂದು ಯೋಚಿಸಿದೆ. ಇದಕ್ಕೆ ಕಾರಣ ನನ್ನ ಕೆಲಸದಿಂದಲೇ ನನಗೆ ಗೊತ್ತಿರಬೇಕಿತ್ತು. ಸಬ್‌ಟೈಟಲ್ ಬರೆಯುವಾಗ ಸಾಮಾನ್ಯವಾಗಿ ಸಾಲಿಗೆ 42 ಇಂಗ್ಲಿಷ್ ಅಕ್ಷರ ಮೀರಬಾರದು, ಒಂದು ಸಲಕ್ಕೆ ಎರಡೇ ಸಾಲು, ಏಳು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆ ಮೇಲೆ ನಿಲ್ಲಬಾರದು ಅಂತ ಲೆಕ್ಕ ಇಟ್ಟುಕೊಳ್ಳುತ್ತೇವೆ. ಮಾತು ಜಾಸ್ತಿ ಇರುವ ಸಿನಿಮಾ ಆದರೆ ಇಂಥವು ಸಾವಿರ ದಾಟುತ್ತವೆ. ಅಂದರೆ ಅಷ್ಟು ಸಲ ನೋಡುವವರ ಕಣ್ಣು ಮುಖದಿಂದ ಕೆಳಗಿಳಿದು, ಓದಿ, ಮತ್ತೆ ಮುಖಕ್ಕೆ ಹತ್ತಬೇಕು. ಮೂರು ಸಿನಿಮಾಕ್ಕೆ ಮೂರು ಸಾವಿರ ಸಲ! ಅದರ ಮೇಲೆ ಪ್ರತಿ ಸಿನಿಮಾಕ್ಕೂ ಅದರದೇ ಹಿನ್ನೆಲೆ ಸಂಗೀತ, ಅದೂ ಆ ದೊಡ್ಡ ಸ್ಪೀಕರ್‌ಗಳಲ್ಲಿ. ಇಷ್ಟೆಲ್ಲ ತುಂಬಿಕೊಂಡು ಬಂದು ತಂಬೂರಿಯ ಶ್ರುತಿ ಕೇಳಿಸಲಿ ಅಂದರೆ ಎಲ್ಲಿ ಕೇಳಿಸೀತು?

ಎರಡನೇ ಸಲಕ್ಕೆ 29ನೇ ತಾರೀಕು ಬುಧವಾರ ಹಿಡಿದೆ, ರಾಮನವಮಿಯ ಹಿಂದಿನ ದಿನ. ಈ ಸಲ ಒಂದೇ ಸಿನಿಮಾ ಅಂತ ಗಟ್ಟಿ ಮಾಡಿಕೊಂಡೆ. ಪಾಸಿಗೆ ದುಡ್ಡು ಕೊಟ್ಟಾಗಿದೆ, ಹನ್ನೊಂದು ಪರದೆಗಳಲ್ಲಿ ಸಿನಿಮಾ ಓಡುತ್ತಿರುತ್ತದೆ, ಒಂದನ್ನೇ ನೋಡಿ ಎದ್ದು ಬರೋದು ಕಷ್ಟ. ಸಿನಿಮಾ ಹುಚ್ಚಿನವರಿಗೆ ಇದು ಗೊತ್ತು. ಆದರೆ ಒಂದನ್ನು ಸರಿಯಾಗಿ ಆರಿಸಿದರೆ ಸಾಕು ಅಂತ ಆವತ್ತು ನನಗೆ ಗೊತ್ತಾಯಿತು.

ಆರಿಸಿದ್ದು ಹೀಗೆ. ಹಿಂದಿನ ರಾತ್ರಿ ವೇಳಾಪಟ್ಟಿ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಐದು ಗಂಟೆಯ ಮೇಲೆ ಮುಗಿಯುವುದನ್ನೆಲ್ಲ ಹೊಡೆದು ಹಾಕಿದೆ. ಎರಡು ಗಂಟೆ ಮೀರಿದ್ದನ್ನೂ ಹೊಡೆದು ಹಾಕಿದೆ. ಹಾಡು, ಕುಣಿತ, ಸಂಗೀತಗಾರರ ಕಥೆ ಇರುವುದು ಬೇಡ, ಅದು ಬೇರೆ ದಿನಕ್ಕೆ. ಆಮೇಲೆ ಉಳಿದದ್ದರಲ್ಲಿ ಕಿರುಪರಿಚಯ ಓದುತ್ತಾ, ಮಾತು ಕಡಿಮೆ ಇರಬಹುದು ಅನ್ನಿಸಿದ್ದನ್ನು ಹುಡುಕಿದೆ. ಕೊನೆಗೆ ಉಳಿದದ್ದು ಒಂದು ಇರಾನಿ ಚಿತ್ರ, ಒಂದೂವರೆ ಗಂಟೆಯದ್ದು. ಇದನ್ನು ಸುಮ್ನೆ ಅದೃಷ್ಟ ಅನ್ನಬೇಕೋ ಏನೋ, ಅದರಲ್ಲಿ ಹಿನ್ನೆಲೆ ಸಂಗೀತವೇ ಇರಲಿಲ್ಲ.

ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿಯೇ ಹೊರಟೆ. ಪ್ರದರ್ಶನಕ್ಕೆ ಮುಕ್ಕಾಲು ಗಂಟೆ ಮುಂಚೆ ಸಾಲಿನಲ್ಲಿ ನಿಂತೆ. ಪಾಸ್ ಇದ್ದರೂ ಮೊದಲು ಬಂದವರಿಗೆ ಮೊದಲು ಜಾಗ. ಹೆಸರು ಮಾಡಿದ ಸಿನಿಮಾ ಆದರೆ ಈ ಮುಕ್ಕಾಲು ಗಂಟೆಯೂ ಸಾಲದು. ಸಾಲಿನಲ್ಲಿ ನಿಲ್ಲೋದು ನನಗೆ ಬೇಜಾರಲ್ಲ. ಕುತ್ತಿಗೆಗೆ ಕಾರ್ಡ್ ಹಾಕಿಕೊಂಡ ಕಾಲೇಜು ಹುಡುಗರು, ನಿವೃತ್ತರಾದ ಮೇಷ್ಟ್ರುಗಳು, ಹಾಸನದಿಂದಲೋ ಶಿವಮೊಗ್ಗದಿಂದಲೋ ಬಂದು ನೆಂಟರ ಮನೆಯಲ್ಲಿ ಉಳಿದುಕೊಂಡವರು, ಎಲ್ಲರೂ "ನಿನ್ನೆ ಯಾವುದು ನೋಡಿದ್ರಿ?" ಅಂತಲೇ ಮಾತು ಶುರು ಮಾಡುತ್ತಾರೆ. ಅಲ್ಲಿ ಕಿವಿಗೆ ಬಿದ್ದ ಹೆಸರುಗಳನ್ನು ನಾನು ವರ್ಷವಿಡೀ ಹುಡುಕಿ ನೋಡುತ್ತೇನೆ. ಒಳಗೆ ಹೋದ ಮೇಲೆ ಓಡಾಡುವ ದಾರಿಯ ಪಕ್ಕದ ಸೀಟು ಹಿಡಿದೆ. ಮುಗಿದ ತಕ್ಷಣ ಯಾರ ಕಾಲೂ ತುಳಿಯದೆ ಏಳಬೇಕಲ್ಲ.

ಆ ಸಿನಿಮಾದಲ್ಲಿ ಒಂದು ದೃಶ್ಯ. ಅಡುಗೆಮನೆಯಲ್ಲಿ ವಯಸ್ಸಾದ ಅಪ್ಪ ಒಲೆ ಮೇಲೆ ಚಹಾದ ನೀರಿಟ್ಟು ಕಾಯುತ್ತಿದ್ದಾನೆ. ಮಗಳು ಪಕ್ಕದ ಕೋಣೆಯಲ್ಲಿ ಬಟ್ಟೆ ತುಂಬುತ್ತಿದ್ದಾಳೆ, ಮನೆ ಬಿಟ್ಟು ಹೋಗುವವಳು. ಕ್ಯಾಮೆರಾ ಅಪ್ಪನ ಬೆನ್ನ ಹಿಂದೆ ಇಟ್ಟ ಜಾಗದಿಂದ ಅಲ್ಲಾಡುವುದಿಲ್ಲ. ಮೊದಲು ಕೆಟಲ್‌ನ ತಳದಲ್ಲಿ ಸಣ್ಣಗೆ ಚಿಟಿಚಿಟಿ. ಆಮೇಲೆ ಗುಂಯ್ ಅಂತ ಒಂದೇ ಸಮನೆ ಶಬ್ದ. ಅದರ ಹಿಂದೆಯೇ ಆಚೆ ಕೋಣೆಯಲ್ಲಿ ಪೆಟ್ಟಿಗೆಯ ಜಿಪ್ ಎಳೆದದ್ದು. ನೀರು ಉಕ್ಕಿ ಒಲೆಗೆ ಬಿದ್ದು ಚೊಯ್ ಅಂದಾಗ ಇಡೀ ಚಿತ್ರಮಂದಿರದಲ್ಲಿ ಯಾರೋ ಒಬ್ಬರು ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಅಷ್ಟು ಹೊತ್ತು ಒಂದೇ ಒಂದು ಸಬ್‌ಟೈಟಲ್ ಇಲ್ಲ. ನಮ್ಮ ಕಸುಬಿನವರಿಗೆ ಇಂಥ ಜಾಗದಲ್ಲಿ ಕೈ ಕಟ್ಟಿಕೊಂಡು ಕೂರುವುದೇ ಕೆಲಸ. ಒಲೆಯ ಶಬ್ದವನ್ನು ಕೇಳಿ ಕೇಳಿ ನನ್ನ ಕಿವಿ ತಾನಾಗಿ ಚುರುಕಾಗುತ್ತಾ ಹೋಯಿತು.

ಸಿನಿಮಾ ಮುಗಿದ ಮೇಲೆ ಆ ಬಗ್ಗೆ ಯಾರ ಜೊತೆಗೂ ಮಾತಾಡಲಿಲ್ಲ. ಸಾಮಾನ್ಯವಾಗಿ ಹೊರಗೆ ಗುಂಪು ಕೂಡಿ ಅರ್ಧ ಗಂಟೆ ಚರ್ಚೆ ಮಾಡದೆ ನಾನು ಮನೆಗೆ ಹೋಗುವವಳಲ್ಲ. ಆವತ್ತು ಮಾಲ್ ಹಿಂದಿನ ಕೊಳದ ಮೆಟ್ಟಿಲ ಮೇಲೆ ಹೋಗಿ ಕೂತು, ಡಬ್ಬಿಯಲ್ಲಿ ತಂದಿದ್ದ ಎರಡು ಚಪಾತಿ, ಹುರುಳಿಕಾಯಿ ಪಲ್ಯ ತಿಂದೆ. ಫೋನ್ ತೆಗೆಯಲಿಲ್ಲ. ಇಯರ್‌ಫೋನ್ ಅಂತೂ ಮನೆಯಲ್ಲೇ ಬಿಟ್ಟು ಬಂದಿದ್ದೆ. ಇಪ್ಪತ್ತು ನಿಮಿಷ ಅಷ್ಟೇ. ಸಿನಿಮಾ ಕೆಳಗಿಳಿಯಲು ಅಷ್ಟು ಸಾಕು, ಆದರೆ ಅಷ್ಟು ಬೇಕೇ ಬೇಕು.

ಆಮೇಲೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್‌ಗೆ ನಡೆದೆ. ಗಾಳಿ ಈ ಕಡೆ ಬೀಸಿದರೆ ಅಲ್ಲಿ ಗಂಧದ ಸೋಪಿನ ವಾಸನೆ ಬರುತ್ತದೆ, ಆವತ್ತು ಬಂತು. ಮೆಜೆಸ್ಟಿಕ್‌ನಲ್ಲಿ ರೈಲು ಕಿಕ್ಕಿರಿಯಿತು. ಚಿಕ್ಕಪೇಟೆ ಆದ ಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆ. ನೆಲದಡಿಯಿಂದ ಮೇಲೆ ಬಂದರೆ ಬಸ್ಸುಗಳ ಹಾರನ್, ತಳ್ಳುಗಾಡಿಗಳ ಕೂಗು, ಮಲ್ಲಿಗೆ ಹೂವಿನವರು. ಮರುದಿನ ಹಬ್ಬ ಅಂತ ಹೂವಿನ ರೇಟ್ ಏರಿತ್ತು. ಆದರೂ ಅತ್ತೆಗೆ ಎರಡು ಮೊಳ ತೆಗೆದುಕೊಂಡೆ. ಚಪ್ಪರ ಸೇರಿದಾಗ ಆರು ಗಂಟೆ ಇನ್ನೂ ಆಗಿರಲಿಲ್ಲ.

ಕೂರುವ ಜಾಗದ ಬಗ್ಗೆ ಒಂದು ಮಾತು. ಎಲ್ಲರೂ ಮುಂದೆ, ನಡುವೆ ಅಂತ ನುಗ್ಗುತ್ತಾರೆ. ಅತ್ತೆ ಯಾವತ್ತೂ ನಮ್ಮ ಎಡಗಡೆಗೆ, ನಾಲ್ಕೈದು ಸಾಲು ಹಿಂದೆ, ಸ್ಪೀಕರ್ ಕಂಬದಿಂದ ದೂರ ಕೂರುತ್ತಾರೆ. ಮೃದಂಗದವರು ಗಾಯಕರ ಬಲಕ್ಕೆ ಕೂರುವುದರಿಂದ ನಮಗೆ ಎಡಕ್ಕೆ ಕಾಣುತ್ತಾರೆ, ಮೃದಂಗದ ಬಲಮುಖ, ನಡುವೆ ಆ ಕಪ್ಪು ಲೇಪ, ಕರಣೆ, ಇರುವ ಕಡೆ, ಸಭೆಗೆ ತಿರುಗಿರುತ್ತದೆ. ಆ ಜಾಗದಲ್ಲಿ ಕೂತರೆ ಬೆರಳು ಬೀಳುವುದು ಕಣ್ಣಿಗೂ ಕಾಣುತ್ತದೆ. ಕಚೇರಿ ಶುರುವಾಗುವ ಮುಂಚೆ ಅವರು ಎಡಮುಖಕ್ಕೆ ಕಲಸಿದ ರವೆಯನ್ನು ಒತ್ತಿ ಒತ್ತಿ ಹಚ್ಚುವುದು, ಕಲ್ಲಿನಿಂದ ಅಂಚನ್ನು ತಟ್ಟುವುದು, ಮತ್ತೆ ತಲೆ ಬಗ್ಗಿಸಿ ಕೇಳುವುದು, ಇದನ್ನೆಲ್ಲ ಬೇಗ ಹೋದವರು ಮಾತ್ರ ನೋಡುತ್ತಾರೆ. ಭಾನುವಾರ ನಾನು ಕಳೆದುಕೊಂಡಿದ್ದು ಇದನ್ನೇ. ಅವರ ಕಿವಿ ಹದವಾಗುತ್ತಾ ಹೋದ ಹಾಗೆ ನಮ್ಮದೂ ಆಗುತ್ತದೆ.

ಕಚೇರಿ ಆದಿತಾಳದ ವರ್ಣದಿಂದ ಶುರುವಾಯಿತು. ಅತ್ತೆಯ ಕೈ ತೊಡೆಯ ಮೇಲೆ ತಾನಾಗಿ ನಡೆಯಿತು. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಪೆಟ್ಟು, ಬೀಸು. ಪೆಟ್ಟು, ಬೀಸು. ಎಂಟಕ್ಕೆ ಒಂದು ಸುತ್ತು. ಮೈದಾನದ ಆಚೆಯಿಂದ ಬಸ್ಸಿನ ಹಾರನ್ ಬರುತ್ತಲೇ ಇತ್ತು, ಅದು ಆ ಚಪ್ಪರದಲ್ಲಿ ಇದ್ದದ್ದೇ. ಗಾಯಕಿ ಆವತ್ತು ತೋಡಿ ತೆಗೆದರು. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಒಂದೇ ಸ್ವರದ ಮೇಲೆ ನಿಂತು, ಅದನ್ನು ಅಲುಗಿಸಿ ಅಲುಗಿಸಿ, ಮೇಲೆ ಹೋಗಲೋ ಬೇಡವೋ ಅನ್ನುವ ಹಾಗೆ ಎಷ್ಟೋ ಹೊತ್ತು ಅಲ್ಲೇ ಇದ್ದರು. ಕೆಟಲ್‌ನ ತಳದ ಚಿಟಿಚಿಟಿಗೆ ಕಿವಿ ಕೊಟ್ಟು ಕೂತಿದ್ದ ನನಗೆ ಆ ಸ್ವರದ ಒಳಗೆ ಏನೇನು ನಡೀತಿದೆ ಅಂತ ಕೇಳಿಸಿತು. ಗಮಕ, ಅಂದರೆ ಸ್ವರದ ಆ ಅಲುಗಾಟ, ಎಲ್ಲಿ ಹುಟ್ಟಿ ಎಲ್ಲಿ ನಿಲ್ಲುತ್ತದೆ, ಗಾಯಕಿ ಬಿಟ್ಟ ಜಾಗವನ್ನು ವಯಲಿನ್ ಹೇಗೆ ಮೆಲ್ಲಗೆ ಎತ್ತಿಕೊಳ್ಳುತ್ತದೆ, ಎಲ್ಲ. ಸಂಗೀತ ಕೇಳಲು ಶುರು ಮಾಡಿ ಮೂವತ್ತು ವರ್ಷ ಆಯಿತು. ಆ ರಾತ್ರಿ ಕೇಳಿದ ಹಾಗೆ ನಾನು ತೋಡಿಯನ್ನು ಹಿಂದೆ ಕೇಳಿರಲಿಲ್ಲ.

ತನಿ ಆವರ್ತನದಲ್ಲಿ ಮೃದಂಗ ಮತ್ತು ಖಂಜಿರ. ಈ ಸಲ ನಾನೂ ತಾಳ ಹಾಕಿದೆ, ಒಂದು ಸುತ್ತೂ ತಪ್ಪಲಿಲ್ಲ. ತನಿಯನ್ನು ಮುಗಿಸುವ ಮೂರು ತೀರ್ಮಾನ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಿದ್ದಾಗ ಅತ್ತೆ ನನ್ನ ಮಂಡಿ ಮೇಲೆ ರಪ್ಪಂತ ಹೊಡೆದರು. ಅದು ಅವರ ಚಪ್ಪಾಳೆ.

ಒಂಬತ್ತೂವರೆಗೆ ಮಂಗಳ. ನಾನು ಸೀದಾ ಮೆಟ್ರೋಗೆ ಹೋಗಬಹುದಿತ್ತು. ರೈಲು ಹನ್ನೊಂದರ ತನಕ ಇರುತ್ತದಲ್ಲ ಅಂತ ಅತ್ತೆಯ ಜೊತೆ ಮನೆವರೆಗೆ ನಡೆದೆ. ಮರುದಿನದ ಪಾನಕಕ್ಕೆ ಏಲಕ್ಕಿ ಬಿಡಿಸಬೇಕಿತ್ತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಕೂತೆವು. ಸಿನಿಮಾ ಹೇಗಿತ್ತು ಅಂತ ಆಗ ಕೇಳಿದರು. ಆ ಅಪ್ಪ, ಮಗಳು, ಕೆಟಲ್, ಎಲ್ಲ ಹೇಳಿದೆ.

"ಹಾಡು ಎಷ್ಟಿದ್ದವು?"

"ಒಂದೂ ಇಲ್ಲ ಅತ್ತೆ. ಹಿಂದೆ ಮ್ಯೂಸಿಕ್ಕೂ ಇಲ್ಲ."

ಅವರು ಏಲಕ್ಕಿ ಸಿಪ್ಪೆ ಬಿಡಿಸುತ್ತಲೇ ಇದ್ದರು. ಸ್ವಲ್ಪ ಹೊತ್ತು ಬಿಟ್ಟು, "ಅಂಥದ್ದು ಇನ್ನೊಂದು ಇದ್ದರೆ ಹೇಳು, ನಾನೂ ಬರ್ತೀನಿ" ಅಂದರು.

ಮುಂದಿನ ವರ್ಷ, 2024ರಲ್ಲಿ, ಚಿತ್ರೋತ್ಸವ ಫೆಬ್ರವರಿ 29ಕ್ಕೆ ಶುರುವಾಗಿ ಮಾರ್ಚ್ 7ಕ್ಕೆ ಮುಗಿಯಿತು, ರಾಮನವಮಿ ಏಪ್ರಿಲ್ 17ಕ್ಕೆ ಹೋಯಿತು. ಎರಡೂ ಕೂಡಲಿಲ್ಲ. ಆದರೂ ಅತ್ತೆಯನ್ನು ಒಂದು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ, ದಾರಿ ಪಕ್ಕದ ಎರಡು ಸೀಟು ಹಿಡಿದೆ. ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಮಾತು: ಸಾಲಿನಲ್ಲಿ ನಿಲ್ಲುವಾಗ ಅವರಿಗೆ ಮಡಚುವ ಸಣ್ಣ ಸ್ಟೂಲು ಒಂದನ್ನು ಕೈಯಲ್ಲಿ ಹಿಡಿದಿರಿ. ಒಳಗೆ ಎಸಿ ಜಾಸ್ತಿ, ಶಾಲು ಬೇಕಾಗುತ್ತದೆ.