ದರಕಿನ ಕಾಲ, ಉಣುಗಿನ ಕಾಲ: ನಮ್ಮ ವಾರ್ಡಿನಲ್ಲಿ ನಾವು ಮಾಡಿಕೊಂಡ ದಾರಿ

ಸಾಗರದ ಕಡೆ ಅಡಿಕೆ ತೋಟಕ್ಕೆ ಒಂದು ಸೊಪ್ಪಿನ ಬೆಟ್ಟ ಬೇಕು, ಕೊಟ್ಟಿಗೆಯಲ್ಲಿ ನಾಲ್ಕು ದನ ಬೇಕು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ದನ ತುಳಿದು ಗೊಬ್ಬರವಾಗುತ್ತದೆ, ಗೊಬ್ಬರ ತೋಟಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ದರಕು ಗುಡಿಸುವುದು, ತುಂಬುವುದು, ಹೊರುವುದು ಹೆಚ್ಚಾಗಿ ಹೆಂಗಸರ ಕೆಲಸ.

ಮಂಗನ ಕಾಯಿಲೆಯ ಕಾಲವೂ ಅದೇ. ಡಿಸೆಂಬರ್‌ನಿಂದ ಮೇವರೆಗೆ. ರೋಗ ಹರಡುವುದು ಉಣುಗು (ಉಣ್ಣೆ) ಕಚ್ಚುವುದರಿಂದ. ಆ ತಿಂಗಳುಗಳಲ್ಲಿ ಉಣುಗಿನ ಮರಿಗಳು ಒಣಗಿದ ಎಲೆಯ ನಡುವೆ ಇರುತ್ತವೆ. ಗಸಗಸೆ ಕಾಳಿನಷ್ಟು ಸಣ್ಣವು, ಕಚ್ಚಿದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗವನ್ನು ಗುರುತಿಸಿದರು. ನಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ 2019ರಲ್ಲಿ ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮನೆಮನೆಯಲ್ಲೂ ಜ್ವರ, ಸಾವು. ನೆಂಟರು ಬರುವುದನ್ನೇ ನಿಲ್ಲಿಸಿದ್ದರು.

2020ರ ಡಿಸೆಂಬರ್ ಚುನಾವಣೆಯಲ್ಲಿ ನಾನು ಮಹಿಳಾ ಮೀಸಲು ಸೀಟಿನಲ್ಲಿ ಪಂಚಾಯ್ತಿಗೆ ಆರಿಸಿ ಬಂದೆ. ಆರಿಸಿ ಬಂದವರು ರಸ್ತೆ ಮಾಡಿಸಬೇಕು, ಚರಂಡಿ ಮಾಡಿಸಬೇಕು ಎನ್ನುವುದು ಜನರ ಲೆಕ್ಕ. ನನ್ನ ಮುಂದೆ ಮೊದಲು ಬಂದದ್ದು ಮಾತ್ರ ದರಕು.

ಆಗ ಎಲ್ಲ ಕಡೆ ಹೇಳುತ್ತಿದ್ದದ್ದು ಒಂದೇ ಮಾತು, ಕಾಡಿಗೆ ಹೋಗಬೇಡಿ. ವಾರ್ಡ್ ಸಭೆಯಲ್ಲಿ ನಾನು ಇದನ್ನೇ ಓದಿ ಹೇಳಿದಾಗ, ಕೂಲಿಗೆ ಬರುವ ಒಬ್ಬರು ಎದ್ದು ನಿಂತು ಕೇಳಿದರು: "ಅಕ್ಕಾ, ಹೋಗದೇ ಇದ್ರೆ ಕೊಟ್ಟಿಗೆಗೆ ಏನು ಹಾಸೋದು? ನಿಮ್ಮ ಪಾಂಪ್ಲೆಟ್ ಹಾಸೋದಾ?" ಎಲ್ಲರೂ ನಕ್ಕರು. ಪ್ರಶ್ನೆ ಸರಿಯಾಗೇ ಇತ್ತು. ದರಕಿನ ಬದಲು ಏನು ಹಾಸುವುದು ಅಂತ ಹೇಳದೆ, ಹೋಗಬೇಡಿ ಅಂದರೆ ಯಾರು ಕೇಳುತ್ತಾರೆ?

ಉತ್ತರ ರಸ್ತೆ ಬದಿಯಲ್ಲೇ ಬಿದ್ದಿತ್ತು. ನಮ್ಮಲ್ಲಿ ಹಸಿ ಅಡಿಕೆ ಸುಲಿದು, ಬೇಯಿಸಿ, ಕೆಂಪಡಿಕೆ ಮಾಡುತ್ತಾರೆ. ಕೊಯ್ಲಿನ ಸಮಯದಲ್ಲಿ ಸಿಪ್ಪೆಯ ರಾಶಿಯೇ ರಾಶಿ. ತೋಟಕ್ಕೆ ಹಾಕಿದರೆ ಬೇಗ ಕೊಳೆಯುವುದಿಲ್ಲ ಅಂತ ಜನ ರಸ್ತೆ ಪಕ್ಕ ಸುರಿಯುತ್ತಾರೆ. ನಾತ, ನೊಣ. ಪಂಚಾಯ್ತಿಗೆ ಬರುವ ದೂರುಗಳಲ್ಲಿ ಅರ್ಧ ಇದರದ್ದೇ. ಒಂದು ಕಡೆ ಹಾಸಲು ಇಲ್ಲ, ಇನ್ನೊಂದು ಕಡೆ ಸಿಪ್ಪೆ ಜಾಸ್ತಿ. ಎರಡನ್ನೂ ಜೋಡಿಸಬಹುದಲ್ವಾ ಅಂತ ನಾವು ಕೆಲವು ಹೆಂಗಸರು ಯೋಚಿಸಿದೆವು.

ಹಸಿ ಸಿಪ್ಪೆಯನ್ನು ನೇರವಾಗಿ ಕೊಟ್ಟಿಗೆಗೆ ಹಾಕಿದರೆ ಕೆಲಸ ಕೆಡುತ್ತದೆ. ಬಿಸಿಯಾಗುತ್ತದೆ, ದನ ಮಲಗುವುದಿಲ್ಲ. ಅಂಗಳದಲ್ಲಿ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಬೇಕು. ಒಣಗಿದ ಸಿಪ್ಪೆ ಗಂಜಲವನ್ನು ಚೆನ್ನಾಗಿ ಹೀರುತ್ತದೆ, ಆದರೆ ಸ್ವಲ್ಪ ಒರಟು. ಅದಕ್ಕೆ ಕೆಳಗೆ ಸಿಪ್ಪೆ, ಮೇಲೆ ಕತ್ತರಿಸಿದ ಅಡಿಕೆ ಸೋಗೆ (ಗರಿ). ಸೋಗೆಯನ್ನು ಕತ್ತಿಯಲ್ಲಿ ಕಡಿಯುತ್ತಾ ಕೂತರೆ ದಿನವೇ ಹೋಗುತ್ತದೆ. ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು, ಸಬ್ಸಿಡಿಯಲ್ಲಿ ಮೇವು ಕತ್ತರಿಸುವ ಯಂತ್ರವೊಂದನ್ನು ತಂದೆವು. ಗೊಬ್ಬರಗುಂಡಿಯಲ್ಲಿ ಪದರಕ್ಕೊಂದು ಸಲ ಸಗಣಿ ನೀರು ಹೊಯ್ಯಬೇಕು. ಇಲ್ಲವಾದರೆ ಸಿಪ್ಪೆ ಸಿಪ್ಪೆಯಾಗಿಯೇ ಉಳಿಯುತ್ತದೆ. ದರಕಿನ ಗೊಬ್ಬರಕ್ಕಿಂತ ತಡ, ಅದು ನಿಜ. ಹಳೇ ಗೊಬ್ಬರ ಒಂದು ವರ್ಷಕ್ಕೆ ಮಿಗುವಷ್ಟು ಇದ್ದ ಮನೆಗಳು ಬೇಗ ಒಪ್ಪಿದವು, ಉಳಿದವರು ನೋಡೋಣ ಅಂದರು.

ದರಕು ಪೂರ್ತಿ ನಿಲ್ಲಲಿಲ್ಲ. ಹೋಗುವವರು ಹೋಗುತ್ತಾರೆ. ಅವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ. ಮೊದಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಡೇಪಾ. ವಾಸನೆ, ಅಂಟು, ಬೆವರಿದರೆ ಕಿರಿಕಿರಿ ಅಂತ ಬಾಟಲಿ ಅಟ್ಟದ ಮೇಲೆ ಕೂತಿರುತ್ತಿತ್ತು. ಮನೆಮನೆಗೆ ಹಂಚುವುದನ್ನು ಬಿಟ್ಟು, ಬೆಟ್ಟ ಹತ್ತುವ ದಾರಿಯ ಮೊದಲ ಮನೆಯಲ್ಲೇ ಇಡಿಸಿದೆವು. ಕಾಲು, ಕೈ, ಕುತ್ತಿಗೆಗೆ ಹಚ್ಚಿಕೊಂಡೇ ಮುಂದೆ ಹೋಗುವುದು. ಬಂದವರು ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕುವುದು, ಸೋಪು ಹಚ್ಚಿ ಸ್ನಾನ ಮಾಡುವುದು. ಒಲೆಗೆ ಬೆಂಕಿ ಹಾಕಿ ಹಂಡೆಯಲ್ಲಿ ನೀರು ಕಾಯಿಸಿಡುವುದು ಮನೆಯ ಗಂಡಸರ ಪಾಲಿಗೆ ಬಂತು. ಇದಕ್ಕೆ ಮಾತ್ರ ಯಾರೂ ಸಭೆಯಲ್ಲಿ ಬಾಯಿ ತೆರೆದು ಬೇಡ ಅನ್ನಲಿಲ್ಲ!

ಕಷ್ಟವಾದದ್ದು ಸತ್ತ ಮಂಗದ ವಿಷಯ. ನಮ್ಮಲ್ಲಿ ಮಂಗ ಸತ್ತರೆ ಹನುಮಂತ ಎಂದು ಅರಿಶಿನ ಕುಂಕುಮ ಹಚ್ಚಿ, ಹೊತ್ತು ಮಣ್ಣು ಮಾಡುತ್ತಾರೆ. ಸತ್ತ ಮೈ ತಣ್ಣಗಾದ ಮೇಲೆ ಉಣುಗುಗಳು ಅದನ್ನು ಬಿಟ್ಟು ಹೊಸ ಮೈ ಹುಡುಕುತ್ತವೆ. ಹತ್ತಿರ ಹೋದವರ ಕಾಲೇ ಅವಕ್ಕೆ ಸಿಗುವುದು. ಇದನ್ನು ಮೂಢನಂಬಿಕೆ ಅಂದಿದ್ದರೆ ಅವತ್ತೇ ನನ್ನ ಮಾತು ಮುಗಿಯುತ್ತಿತ್ತು. ದೇವಸ್ಥಾನದ ಭಟ್ಟರ ಬಳಿ ಹೋದೆ. "ಭಟ್ರೇ, ಪೂಜೆ ಬೇಡ ಅಂತ ನಾನು ಹೇಳೂದಿಲ್ಲ. ಆದ್ರೆ ಮುಟ್ಟದೇ ಮಾಡೂಕೆ ದಾರಿ ಇಲ್ವಾ?" ಅಂದೆ. ಅವರು ತುಸು ಹೊತ್ತು ಎಲೆ ಅಡಿಕೆ ಜಗಿದು, "ದೇವಸ್ಥಾನದಲ್ಲೇ ಹಣ್ಣುಕಾಯಿ ಮಾಡೋಣ ಮಾರಾಯ್ತಿ, ಹನುಮಂತಂಗೆ ಇಲ್ಲಿಂದಾನೂ ಮುಟ್ಟುತ್ತು" ಅಂದರು. ಆಮೇಲೆ ಮಂಗ ಸತ್ತರೆ ಆಶಾ ಕಾರ್ಯಕರ್ತೆಗೆ ಫೋನ್ ಬರುತ್ತದೆ. ಇಲಾಖೆಯವರು ಬಂದು ಸುತ್ತ 50 ಮೀಟರ್ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹಾಕುತ್ತಾರೆ, ಶವ ಸುಡುತ್ತಾರೆ. ಆ ಜಾಗಕ್ಕೆ ದನ ಬಿಡುವುದಿಲ್ಲ.

ಜ್ವರಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಹತ್ತಿರ ಹತ್ತಿರದ ಕೆಲವು ಮನೆಗೆ ಒಬ್ಬ ಹೆಂಗಸು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ ಕಾಲು ಮುರಿದು ಹಾಕುವಂಥ ನೋವು ಬಂದರೆ ಅವರು ಆಶಾಗೆ ಹೇಳಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಬೇಕು. ಅಂಗಡಿಯ ಮಾತ್ರೆ ನುಂಗಿ ಮಲಗುವ ಅಭ್ಯಾಸ ಬಿಡಿಸುವುದಕ್ಕೆ ಬಹಳ ಹೆಣಗಿದೆವು. ಈ ಕಾಯಿಲೆಯಲ್ಲಿ ಒಸಡು, ಮೂಗಿನಲ್ಲಿ ರಕ್ತ ಬರಬಹುದು. ಕೆಲವು ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಜ್ವರ ಬಿಟ್ಟಿತು ಅಂತ ಕೆಲಸಕ್ಕೆ ಹೊರಟವರಿಗೆ ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬಂದು, ತಲೆಸುತ್ತು, ನಡುಕ, ಮಾತು ತಪ್ಪುವುದು ಆಗಬಹುದು. ಹಾಗಾಗಿ ಹೆಸರು ಬರೆದುಕೊಂಡವರನ್ನು ಅಲ್ಲಿಯವರೆಗೂ ನೋಡುತ್ತಿರುತ್ತೇವೆ. ಇದಕ್ಕೇ ಅಂತ ಔಷಧ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತಾರೆ. ಹಳೇ ಲಸಿಕೆಯೂ ನಿಂತಿದೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎನ್ನುವುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಜ್ವರ ಬಂದ ಮನೆಯ ಹಾಲನ್ನು ಡೈರಿಗೆ ಹಾಕಬೇಡಿ ಅಂದವರೂ ಇದ್ದಾರೆ.

ಯಂತ್ರದ್ದು ಈಗ ಬೇರೆಯೇ ತಕರಾರು. ಜನವರಿಯಲ್ಲಿ ಎಲ್ಲರಿಗೂ ಒಟ್ಟಿಗೇ ಬೇಕು. ದೊಡ್ಡ ತೋಟದವರು ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ, ಎರಡು ದನ ಇರುವವರು ಕಾಯುತ್ತಾ ಕೊನೆಗೆ ಬುಟ್ಟಿ ಹಿಡಿದು ಬೆಟ್ಟಕ್ಕೇ ಹೋಗುತ್ತಾರೆ. ಸಣ್ಣವರಿಗೆ ಮೊದಲ ಸರದಿ ಅಂತ ಸಂಘದ ಪುಸ್ತಕದಲ್ಲಿ ಬರೆಸಿದ್ದೇನೆ. ಅದಕ್ಕೆ ಇಬ್ಬರು ಇನ್ನೂ ಸಹಿ ಹಾಕಿಲ್ಲ.